ಓಟದ ಎತ್ತುಗಳಿಗೂ ಮದ್ದಿನ ಪರೀಕ್ಷೆ ಬೇಕು

ಮಾನ್ಯ ಸಂಪಾದಕರೆ,

ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿದ ಮೇಲೆ ಎತ್ತಿನ ಗಾಡಿ ಓಟಕ್ಕೆ ಇದ್ದ ಕಾನೂನಿನ ತೊಡಕು ತೀರಿತು. ಆದರೆ ಕುಂಟುವ ಎತ್ತಿಗೆ ನೋವಿನ ಇಂಜೆಕ್ಷನ್ ಕೊಟ್ಟು ಓಡಿಸಿದರೆ ಅದು ಕಣ್ಣಳತೆಗೆ ಸಿಗುವುದಿಲ್ಲ. ನೋವು ತಿಳಿಯದ ಎತ್ತು ಪೆಟ್ಟಾದ ಕಾಲಿನ ಮೇಲೂ ಪೂರ್ತಿ ಭಾರ ಹಾಕುತ್ತದೆ. ಆ ಕಾಲು ಓಟದ ನಡುವೆಯೇ ಮುರಿಯಬಹುದು.

ಕುದುರೆ ರೇಸಿನಲ್ಲಿ ಇದಕ್ಕೆ ವಿಜ್ಞಾನದ ದಾರಿ ಇದೆ. ಉತ್ತೇಜಕಗಳ ಕುರುಹು ಕಂಡರೂ ತಪ್ಪೇ. ಚಿಕಿತ್ಸೆಯ ಔಷಧಗಳಿಗೆ ಮಾತ್ರ ಮಿತಿ ಬೇರೆ. ಇಂದಿನ ಯಂತ್ರಗಳು ಹಳೆಯ ಚಿಕಿತ್ಸೆಯ ಅತಿಸೂಕ್ಷ್ಮ ಉಳಿಕೆಯನ್ನೂ ತೋರಿಸುತ್ತವೆ, ಅಷ್ಟಕ್ಕೇ ಮಾಲೀಕನನ್ನು ದಂಡಿಸುವುದು ಅನ್ಯಾಯ. ಫ್ರಾನ್ಸಿನ ಪಶುಔಷಧ ವಿಜ್ಞಾನಿ ಪಿಯೆರ್-ಲೂಯಿ ತೂತಾಂ ಮತ್ತು ಅವರ ಸಹಲೇಖಕಿ 2002ರಲ್ಲಿ ಒಂದು ಲೆಕ್ಕ ಕೊಟ್ಟರು: ಔಷಧ ಕೆಲಸ ಮಾಡುವಾಗ ರಕ್ತದಲ್ಲಿರುವ ಪ್ರಮಾಣವನ್ನು 500ರಿಂದ ಭಾಗಿಸಿ, ಅದಕ್ಕಿಂತ ಕೆಳಗೆ ಇಳಿದರೆ ಪರಿಣಾಮವಿಲ್ಲ.

ಹಾಗೆಂದು ಮದ್ದು ಕೊಟ್ಟ ಮೇಲೆ ಇಷ್ಟು ದಿನ ಓಡಿಸಬಾರದೆಂದು ಕುದುರೆಗೆ ಹಾಕಿದ ಗಡುವನ್ನು ಎತ್ತಿಗೆ ಹಾಗೇ ಹಚ್ಚುವಂತಿಲ್ಲ. 500ರಿಂದ ಭಾಗಿಸುವುದೆಂದರೆ ಹೆಚ್ಚುಕಡಿಮೆ ಒಂಬತ್ತು ಸಲ ಅರ್ಧ ಮಾಡುವುದು. ನಮ್ಮಲ್ಲಿ ದಿನಬಳಕೆಯ ನೋವಿನ ಮದ್ದು ಮೆಲಾಕ್ಸಿಕಾಂ ಕುದುರೆಯ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 8 ಗಂಟೆ ಸಾಕು, ಅಂದರೆ ಮೂರು ದಿನದಲ್ಲಿ ಮಿತಿಯೊಳಗೆ ಬರುತ್ತದೆ. ಎಳೆಯ ದನಗಳಲ್ಲಿ ಅದಕ್ಕೆ 26 ಗಂಟೆ. ಲೆಕ್ಕ ಹತ್ತು ದಿನದ ಹತ್ತಿರ ಹೋಗುತ್ತದೆ. ಫಿನೈಲ್‌ಬ್ಯುಟಜೋನ್ ಎಂಬ ಇನ್ನೊಂದು ನೋವಿನ ಮದ್ದಿನಲ್ಲಿ ಅಂತರ ಇನ್ನೂ ದೊಡ್ಡದು: ಕುದುರೆಯಲ್ಲಿ 5–6 ಗಂಟೆ, ದನದಲ್ಲಿ 40 ದಾಟುತ್ತದೆ. ಕುದುರೆಯ ಪಟ್ಟಿ ನಂಬಿ ನಾಲ್ಕನೇ ದಿನ ಎತ್ತು ಕಟ್ಟಿದ ಪ್ರಾಮಾಣಿಕ ರೈತನೇ ಸಿಕ್ಕಿಬೀಳುತ್ತಾನೆ.

ಆದ್ದರಿಂದ ಹಳ್ಳಿಕಾರ್, ಅಮೃತಮಹಲ್ ಎತ್ತುಗಳಲ್ಲೇ ಅಧ್ಯಯನ ನಡೆಯಲಿ. ಆರೆಂಟು ಆರೋಗ್ಯವಂತ ಎತ್ತುಗಳಿಗೆ ಕೆ.ಜಿ. ತೂಕಕ್ಕೆ 0.5 ಮಿ.ಗ್ರಾಂನಂತೆ ಮೆಲಾಕ್ಸಿಕಾಂ ಕೊಟ್ಟು, ಮೊದಲ ದಿನ 1, 4, 12, 24ನೇ ಗಂಟೆಗೆ, ಆಮೇಲೆ ಎರಡು ವಾರ ದಿನಕ್ಕೊಮ್ಮೆ ರಕ್ತ, ಗಂಜಲ ತೆಗೆದರೆ ಚಿತ್ರ ಸಿಗುತ್ತದೆ. ತೂಕವನ್ನು ಅಂದಾಜಿನಲ್ಲಿ ಬರೆಯಬಾರದು, ತೂಗಿಯೇ ಡೋಸು ಹಾಕಬೇಕು. ಗಂಜಲ ಬಿದ್ದ ಹುಲ್ಲನ್ನು ಎತ್ತು ಮತ್ತೆ ತಿಂದರೆ ಔಷಧ ಪುನಃ ಒಳಗೆ ಹೋಗುತ್ತದೆ. ಕುದುರೆ ಲಾಯಗಳಲ್ಲಿ ಫ್ಲುನಿಕ್ಸಿನ್ ಎಂಬ ನೋವಿನ ಮದ್ದಿನಿಂದ ಹೀಗಾದದ್ದು ದಾಖಲಾಗಿದೆ. ಹಾಸು ದಿನವೂ ಬದಲಾಗಬೇಕು.

ಅಷ್ಟರೊಳಗೆ ಓಟಕ್ಕೆ ಅನುಮತಿ ಕೊಡುವಾಗ ದಾವಣಗೆರೆ, ಚಿತ್ರದುರ್ಗ ಜಿಲ್ಲಾಡಳಿತಗಳು ಗೆದ್ದ ಜೋಡಿಯ ಜೊತೆಗೆ ಚೀಟಿ ಎತ್ತಿ ಆರಿಸಿದ ಇನ್ನೊಂದು ಜೋಡಿಯ ಮಾದರಿ ತೆಗೆಯುವ ಷರತ್ತು ಹಾಕಲಿ. ಒಂದು ಗಂಟೆ ಕಾದರೂ ಗಂಜಲ ಸಿಗದಿದ್ದರೆ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆಯಬಹುದು. ಮಾದರಿಯನ್ನು ಮಾಲೀಕರ ಎದುರಿಗೇ ಎರಡು ಬಾಟಲಿಗೆ ಹಂಚಿ, ಮೊಹರಿನ ಸಂಖ್ಯೆ ಬರೆದು, ಸಹಿ ಹಾಕಿಸಿ, ತಕ್ಷಣ ಐಸ್ ಪೆಟ್ಟಿಗೆಗೆ ಸೇರಿಸಬೇಕು. ಎರಡನೇ ಬಾಟಲಿ ಮಾಲೀಕರು ಮರುಪರೀಕ್ಷೆ ಕೇಳಿದರೆ ಮಾತ್ರ ತೆರೆಯುವಂಥದ್ದು. ಮೊಹರಿನ ಒಂದು ಅಂಕಿ ತಪ್ಪಿದರೂ ಪ್ರಯೋಗಾಲಯದ ವರದಿ ವಿಚಾರಣೆಯಲ್ಲಿ ನಿಲ್ಲದೆ ಹೋಗಬಹುದು.

– ಇಬ್ಬರು ನಿವೃತ್ತ ಪಶುವೈದ್ಯರು, ದಾವಣಗೆರೆ