ಕಥೆಯನ್ನು ಬಿಡಿಸಿ ಹೇಳಬೇಡ, ಮಗಳೇ

ಪ್ರೀತಿಯ ಮಗಳಿಗೆ, ಅಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ನೀನು ಬರೆದ ಬಾವಿಯೊಳಗಿನ ಊರಿನ ಕಥೆಯನ್ನು ಓದಿದ ಪ್ರಕಾಶಕರು, ಅಜ್ಜಿಯೂ ಹುಡುಗಿಯೂ ಒಬ್ಬಳೇ ಎಂಬುದನ್ನು ಮೊದಲ ಅಧ್ಯಾಯದಲ್ಲೇ ಹೇಳಿಬಿಡಬೇಕು, ಇಲ್ಲವಾದರೆ ಮಕ್ಕಳಿಗೆ ತಿಳಿಯುವುದಿಲ್ಲ ಎಂದರಂತೆ. ಅದಕ್ಕೆ ಒಪ್ಪಿಕೊಳ್ಳುವ ಮೊದಲು, ಡಯಾನಾ ವಿನ್ ಜೋನ್ಸ್ ಎಂಬ ಇಂಗ್ಲಿಷ್ ಲೇಖಕಿ ಮಕ್ಕಳಿಗಾಗಿ ಹೇಗೆ ಬರೆದರು ಎಂಬುದನ್ನು ನೀನು ತಿಳಿದುಕೊಳ್ಳಬೇಕೆಂದು ನನ್ನ ಆಸೆ.

1934ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರು ಬೆಳೆದದ್ದು ಎಸೆಕ್ಸ್‌ನ ಥ್ಯಾಕ್ಸ್ಟೆಡ್ ಎಂಬ ಸಣ್ಣ ಊರಿನಲ್ಲಿ. ಅವರ ತಂದೆ ಎಷ್ಟು ಜಿಪುಣರೆಂದರೆ, ಆರ್ಥರ್ ರಾನ್ಸಮ್ ಅವರ ಮಕ್ಕಳ ಕಾದಂಬರಿಗಳನ್ನು ಒಟ್ಟಿಗೆ ಕೊಂಡು, ಕಪಾಟಿನಲ್ಲಿಟ್ಟು ಬೀಗ ಹಾಕಿ, ವರ್ಷಕ್ಕೆ ಒಂದರಂತೆ ಮೂವರು ಹೆಣ್ಣುಮಕ್ಕಳಿಗೂ ಸೇರಿಸಿ ಕೊಡುತ್ತಿದ್ದರು. ಓದಲು ಬೇರೇನೂ ಸಿಗದಿದ್ದಾಗ ಹಿರಿಯಳಾದ ಡಯಾನಾ ತಾವೇ ನೋಟ್‌ಬುಕ್ಕುಗಳಲ್ಲಿ ಕಥೆ ಬರೆದು ತಂಗಿಯರಿಗೆ ಓದಿ ಹೇಳತೊಡಗಿದರು. ಮುಂದೆ ಆಕ್ಸ್‌ಫರ್ಡಿನಲ್ಲಿ, ಮಾಂತ್ರಿಕ ಲೋಕಗಳ ಕಥೆಗಳಿಗೆ ಹೆಸರಾದ ಸಿ. ಎಸ್. ಲೂಯಿಸ್ ಮತ್ತು ಟೋಲ್ಕಿನ್ ಅವರ ಉಪನ್ಯಾಸಗಳನ್ನು ಕೇಳಿದ್ದನ್ನೇ ಜನ ದೊಡ್ಡದಾಗಿ ಹೇಳುತ್ತಾರೆ; ನನಗೆ ಮಾತ್ರ ಆ ತಂಗಿಯರಿಬ್ಬರೇ ಅವರ ಮೊದಲ ಗುರುಗಳು ಎನಿಸುತ್ತದೆ.

ಮದುವೆಯಾಗಿ ಮೂವರು ಗಂಡುಮಕ್ಕಳಾದ ಮೇಲೆ, ಕಾಯಿಲೆ ಬಿದ್ದ ಗಂಡ, ಅತ್ತೆ, ತಂಗಿ ಎಂದು ತುಂಬಿದ ಮನೆಯಲ್ಲಿ ತಲೆ ಕೆಡದಿರಲೆಂದೇ ಅವರು ಬರೆಯಲು ಕೂತರು. ಮಕ್ಕಳಿಗೆಂದು ಬರೆದ ಮೊದಲ ಕಾದಂಬರಿ 1973ರಲ್ಲಿ ಬಂತು. 1977ರ 'ಚಾರ್ಮ್ಡ್ ಲೈಫ್' ಗಾರ್ಡಿಯನ್ ಪತ್ರಿಕೆಯ ಮಕ್ಕಳ ಸಾಹಿತ್ಯ ಪ್ರಶಸ್ತಿಯನ್ನು ಗಳಿಸಿತು.

ನೀನು ಮೊದಲು ಓದಬೇಕಾದದ್ದು 1986ರ 'ಹೌಲ್ಸ್ ಮೂವಿಂಗ್ ಕ್ಯಾಸಲ್'. ಅದರ ಸೋಫಿ ಟೋಪಿ ಅಂಗಡಿಯಲ್ಲಿ ಒಬ್ಬಳೇ ಕುಳಿತು ಟೋಪಿಗಳನ್ನು ಅಲಂಕರಿಸುತ್ತ, ಬೇಸರ ಕಳೆಯಲು ಅವುಗಳೊಡನೆಯೇ ಮಾತನಾಡುತ್ತಾಳೆ. ಒಂದು ಟೋಪಿಗೆ, ದೊಡ್ಡ ಮನುಷ್ಯನೊಬ್ಬ ನಿನ್ನನ್ನು ಮೆಚ್ಚುತ್ತಾನೆ ಎನ್ನುತ್ತಾಳೆ. ಅದನ್ನು ಕೊಂಡು ತೊಟ್ಟ ಹೆಂಗಸು ಸ್ವಲ್ಪ ದಿನಗಳಲ್ಲೇ ಕೌಂಟ್ ಎಂಬ ಉನ್ನತ ಪದವಿಯ ಒಬ್ಬ ಕುಲೀನನ ಜೊತೆ ಓಡಿಹೋದ ಸುದ್ದಿ ಊರಿನ ಹರಟೆಯ ನಡುವೆ ಕಿವಿಗೆ ಬೀಳುತ್ತದೆ. ಸೋಫಿಯ ಮಾತಿಗೆ ಮಾಂತ್ರಿಕ ಶಕ್ತಿಯಿದೆ ಎಂದು ಲೇಖಕಿ ಅಲ್ಲಿ ಹೇಳುವುದೇ ಇಲ್ಲ. ಶಾಪದಿಂದ ಮುದುಕಿಯಾಗುವ ಸೋಫಿಗೇ ಅದು ಬಹಳ ಕಾಲ ತಿಳಿದಿರುವುದಿಲ್ಲ. ಓದುವ ಮಗು ಮಾತ್ರ ಎರಡೂ ಸಂಗತಿಗಳನ್ನು ಕೂಡಿಸಿ, ಅವಳಿಗಿಂತ ಮೊದಲೇ ಗುಟ್ಟನ್ನು ಹಿಡಿಯಬಹುದು. ಮಗುವಿನ ಬುದ್ಧಿಗೆ ಇದಕ್ಕಿಂತ ದೊಡ್ಡ ಗೌರವ ಯಾವುದಿದೆ?

ದೊಡ್ಡವರಿಗಾಗಿ ಬರೆಯಲು ಕೂತಾಗ ಒಂದೇ ವಿಷಯವನ್ನು ಮತ್ತೆ ಮತ್ತೆ ವಿವರಿಸಬೇಕಾಯಿತೆಂದೂ, ಮಕ್ಕಳಾದರೋ ಅರ್ಥಮಾಡಿಕೊಳ್ಳಲು ಶ್ರಮಪಡುವುದನ್ನು ಅಭ್ಯಾಸ ಮಾಡಿಕೊಂಡವರೆಂದೂ ಅವರು ಒಂದು ಪ್ರಬಂಧದಲ್ಲಿ ಹೇಳಿದ್ದಾರೆ. ಹೀಗೆ ಬರೆದದ್ದಕ್ಕೆ ಜಗತ್ತಿನ ಮನ್ನಣೆ ನಿಧಾನವಾಗಿಯೇ ಬಂತೆಂಬುದನ್ನು ನಿನ್ನಿಂದ ಮುಚ್ಚಿಡಲಾರೆ. ಸೋಫಿಯ ಆ ಕಾದಂಬರಿಯನ್ನು ಜಪಾನಿನ ನಿರ್ದೇಶಕ ಹಯಾವೊ ಮಿಯಾಝಾಕಿ ಅನಿಮೇಷನ್ ಚಿತ್ರವಾಗಿಸಿದ್ದು 2004ರಲ್ಲಿ. 2006ರಲ್ಲಿ ಅದಕ್ಕೆ ಫೀನಿಕ್ಸ್ ಪ್ರಶಸ್ತಿ ಬಂತು. ಇಪ್ಪತ್ತು ವರ್ಷಗಳ ಹಿಂದೆ ಪ್ರಕಟವಾಗಿ ಆಗ ದೊಡ್ಡ ಬಹುಮಾನ ಕಾಣದ ಪುಸ್ತಕಗಳಿಗೆ ಕೊಡುವ ಪ್ರಶಸ್ತಿ ಅದು. ಅಷ್ಟು ವರ್ಷವೂ ಅವರು ಬರೆಯುತ್ತಲೇ ಇದ್ದರು. 2011ರಲ್ಲಿ ತೀರಿಕೊಂಡಾಗ ಅರ್ಧಕ್ಕೆ ನಿಂತಿದ್ದ ಕಾದಂಬರಿಯನ್ನು ತಂಗಿ ಉರ್ಸುಲಾ ಪೂರ್ಣಗೊಳಿಸಿದರು.

ಆದ್ದರಿಂದ ಮೊದಲ ಅಧ್ಯಾಯವನ್ನು ಮುಟ್ಟಬೇಡ. ಅಲ್ಲಿ ಹುಡುಗಿ ಹಗ್ಗಕ್ಕೆ ಹಾಕುವ ಎಡಗೈ ಗಂಟನ್ನೇ ಅಜ್ಜಿಯೂ ಹಾಕುತ್ತಾಳೆ ಎಂಬುದು ಐದನೆಯ ಅಧ್ಯಾಯದಲ್ಲಿ ಒಂದೇ ವಾಕ್ಯದಲ್ಲಿ ಬಂದು ಹೋಗಿದೆ. ಅದನ್ನು ಇನ್ನೊಂದು ಸಲ, ನೀರು ಸೇದುವ ಗಡಿಬಿಡಿಯ ನಡುವೆ ತಂದರೆ ಸಾಕು. ತಿದ್ದಿದ ಪ್ರತಿಯನ್ನು ಬೇರೆ ಪ್ರಕಾಶಕರಿಗೆ ಕಳುಹಿಸುವ ಮೊದಲು ನನಗೊಮ್ಮೆ ಕಳುಹಿಸು.

ಇಂತಿ ನಿನ್ನ,
ಅಮ್ಮ