ದೃಶ್ಯ ಕಟ್ಟುವುದನ್ನೂ ಕಲಿಸಬೇಕು

ಸಂಪಾದಕರಿಗೆ,

ಮಾನ್ಯರೇ,

ಭಾನುವಾರದ ಪುರವಣಿಗಳಲ್ಲಿ ಕಾಸರಗೋಡಿನ ಹೊಸಬರ ಕಥೆಗಳು ಬರುತ್ತಿರುವುದು ಸಂತೋಷ. ವಸ್ತು ಇಲ್ಲಿಯದೇ, ಭಾಷೆಯೂ ಚೆನ್ನಾಗಿದೆ. ಆದರೆ ಹೆಚ್ಚಿನವು ನಡೆದುಹೋದದ್ದರ ವರದಿಯಾಗಿಯೇ ಉಳಿಯುತ್ತವೆ. ಕಣ್ಣೆದುರು ಏನೂ ನಡೆಯುವುದಿಲ್ಲ.

‘ಆ ವರ್ಷ ಅಡಕೆಗೆ ಕೊಳೆರೋಗ ಬಂದು ಅಪ್ಪ ಕಂಗಾಲಾದರು’ ಎಂದು ಬರೆದರೆ ವಿಷಯ ತಿಳಿಯಿತು, ಮುಗಿಯಿತು. ದೃಶ್ಯವಾಗಬೇಕಾದರೆ ಅಪ್ಪನಿಗೆ ಆ ಹೊತ್ತಿಗೆ ಏನೋ ಬೇಕಾಗಿರಬೇಕು, ಅದಕ್ಕೊಂದು ಅಡ್ಡಿ ಬರಬೇಕು. ಅಡಕೆಗೆ ಮೊದಲ ಮದ್ದು ಸಿಂಪಡಿಸಿ 45 ದಿನ ದಾಟಿದೆ, ಎರಡನೆಯದಕ್ಕೆ ಹೊತ್ತಾಗಿದೆ. ಬ್ಯಾರಲ್ಲಿನಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣದ ಲೆಕ್ಕದಲ್ಲಿ ದ್ರಾವಣ ತಯಾರಾಗಿದೆ. ನಾಳೆಗಿಟ್ಟರೆ ಅದರ ಗುಣ ಹೋಗುತ್ತದೆ. ಅಷ್ಟರಲ್ಲಿ ಮಳೆ ಹನಿಯುತ್ತದೆ. ಮರ ಹತ್ತುವವನು ‘ಮರ ಜಾರ್ತದೆ ಧನಿಗಳೇ, ಇವತ್ತು ಆಗ್ಲಿಕ್ಕಿಲ್ಲ’ ಅನ್ನುತ್ತಾನೆ. ‘ಕಂಗಾಲಾದರು’ ಎಂಬ ಮಾತೇ ಇನ್ನು ಬೇಡ. ಕಸುಬಿನ ವಿವರ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ, ಹಾಳಾಗಲಿರುವ ಆ ಮದ್ದಿನಿಂದಲೇ ಜಗಳಕ್ಕೆ ಬಲ.

ಹೊಸಬರು ಈ ದೃಶ್ಯವನ್ನು ಅಪ್ಪ ಎದ್ದು ಚಹಾ ಕುಡಿದಲ್ಲಿಂದ ಶುರುಮಾಡುತ್ತಾರೆ. ಮದ್ದು ಕಲಸಿ ಆದಮೇಲೆ ಶುರುಮಾಡಿದರೆ ಸಾಕು. ಸ್ಥಿತಿ ಬದಲಾದ ಕೂಡಲೇ, ಅಂದರೆ ಅಪ್ಪನೇ ಮರ ಹತ್ತಲು ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿಕೊಂಡಲ್ಲಿಗೆ, ನಿಲ್ಲಿಸಬೇಕು. ಅದರ ಕೆಳಗೆ ‘ರೈತನ ಬದುಕೇ ಹೀಗೆ’ ಎಂಬ ಪ್ಯಾರಾ ಇದ್ದರೆ ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ. ‘ಬೇಸರವಾಯಿತು’, ‘ಸಿಟ್ಟು ಬಂತು’ ಎಂಬವುಗಳನ್ನೂ ಒಮ್ಮೆ ತೆಗೆದು ಓದಿ ನೋಡಿ. ಆಗ ಭಾವ ತಿಳಿಯದೇ ಹೋದರೆ ಕೊರತೆ ಇರುವುದು ಪಾತ್ರ ಮಾಡುವ ಕೆಲಸದಲ್ಲಿ, ಆಡುವ ಮಾತಿನಲ್ಲಿ. ಮೂರು ತಿಂಗಳ ಮಳೆಗೆ ಮಾತ್ರ ಒಂದೇ ವಾಕ್ಯ ಸಾಕು, ಎಲ್ಲವೂ ದೃಶ್ಯವಾಗಬೇಕಿಲ್ಲ.

ಸಂಭಾಷಣೆಯದ್ದು ನಮ್ಮ ಗಡಿನಾಡಿನ ವಿಶೇಷ ತೊಡಕು. ತುಳು, ಮಲಯಾಳ ಮನೆಮಾತಿನ ಪಾತ್ರಗಳೂ ಪಠ್ಯಪುಸ್ತಕದ ಕನ್ನಡ ಆಡುತ್ತವೆ. ಇಲ್ಲವೇ ಇಡೀ ಪುಟ ತುಳುವಿನಲ್ಲೇ ಸಾಗಿ ರಾಯಚೂರಿನ ಓದುಗ ಕೈಬಿಡುತ್ತಾನೆ. ನಿರೂಪಣೆ ಬರಹದ ಕನ್ನಡದಲ್ಲಿರಲಿ, ಮಾತು ಊರಿನ ಲಯದಲ್ಲಿರಲಿ. ತುಳು, ಮಲಯಾಳದ ಒಂದೆರಡು ಪದ ಬರಲಿ, ಆದರೆ ಅರ್ಥ ಸಂದರ್ಭದಿಂದಲೇ ಹೊಳೆಯುವ ಹಾಗೆ. ‘ಬನ್ನಿ, ಕೂತ್ಕೊಳ್ಳಿ, ಸೌಖ್ಯವಾ?’ ಎಂಬ ಉಪಚಾರದಲ್ಲಿ ಜಗಳ ಅಡಗಿಲ್ಲದಿದ್ದರೆ ಅದೂ ಬೇಡ.

ಪತ್ರಿಕೆಯಲ್ಲಿ ನಮ್ಮ ಕೋರಿಕೆ ಇಷ್ಟೇ: ಲೇಖಕರ ಒಪ್ಪಿಗೆ ಪಡೆದು, ತಿಂಗಳಿಗೊಮ್ಮೆ ಒಂದು ದೃಶ್ಯದ ಮೊದಲ ಕರಡು ಮತ್ತು ತಿದ್ದಿದ ರೂಪವನ್ನು ಅಕ್ಕಪಕ್ಕ ಅಚ್ಚುಹಾಕಿ. ತಲಾ 200 ಪದ ಸಾಕು. ಯಾವ ಸಾಲು ಯಾಕೆ ಹೋಯಿತೆಂಬ ಟಿಪ್ಪಣಿಯೂ ಜೊತೆಗಿರಲಿ.

– ಕನ್ನಡ ಅಧ್ಯಾಪಕರು, ಬದಿಯಡ್ಕ