ಜಪಾನಿನಲ್ಲಿ ಆಯಿ ನೆನಪಾದಳು

ಶರಣು,

ಕಲಬುರಗಿಗೆ ಬಂದು ನಾಲ್ಕು ದಿನ ಆಯ್ತು. ಬಿಸಿಲು ಜಾಸ್ತಿ, ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದನ್ನು ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಿಂತುಬಿಡುತ್ತದೆ.

ಜಪಾನಿನಲ್ಲಿ ಟ್ರೇನಿಂಗ್ ಮುಗಿದ ಮೇಲೆ ಒಂದು ದಿನ ರಜೆ ಸಿಕ್ಕಿತ್ತು. ಉಳಿದವರೆಲ್ಲ ಕ್ಯೋಟೋ ನೋಡಲು ಹೋದರು, ನಾನು ತ್ಸುರುಗಾಕ್ಕೆ ಹೋದೆ. ಸಣ್ಣ ಬಂದರು ಊರು. ಆ ಊರಿಗೆ ಹಡಗಿನಲ್ಲಿ ಬಂದಿಳಿದ ನಿರಾಶ್ರಿತರಿಗಾಗಿಯೇ ಅಲ್ಲಿ ಒಂದು ಮ್ಯೂಸಿಯಂ ಇದೆ. 1920ರ ಹೊತ್ತಿಗೆ ಸೈಬೀರಿಯಾದಲ್ಲಿ ಸಿಕ್ಕಿಬಿದ್ದಿದ್ದ ಪೋಲೆಂಡಿನ ಅನಾಥ ಮಕ್ಕಳು ಬಂದರು. ಆಮೇಲೆ 1940-41ರಲ್ಲಿ ಹಿಟ್ಲರನ ಕೈಗೆ ಸಿಗದೆ ಓಡಿಬಂದ ಯಹೂದಿಗಳು.

ಲಿಥುವೇನಿಯಾದ ಕೌನಾಸ್‌ನಲ್ಲಿ ಚಿಯುನೆ ಸುಗಿಹಾರಾ ಅಂತ ಒಬ್ಬ ಜಪಾನಿ ಅಧಿಕಾರಿ ಇದ್ದರು. ದುಡ್ಡು, ಕಾಗದಪತ್ರ ಸರಿಯಿಲ್ಲದವರಿಗೆ ವೀಸಾ ಕೊಡಬೇಡಿ ಅಂತ ಟೋಕಿಯೊದಿಂದ ಹೇಳಿದರೂ ಅವರು ಕೇಳಲಿಲ್ಲ, ಹಗಲೆಲ್ಲ ಕೂತು ಕೈಯಲ್ಲೇ ಬರೆದು ಕೊಟ್ಟರು. ಅವರ ಪಟ್ಟಿಯಲ್ಲಿ 2,100ಕ್ಕೂ ಹೆಚ್ಚು ಹೆಸರುಗಳಿವೆ. ಒಂದು ವೀಸಾದ ಮೇಲೆ ಎಷ್ಟೋ ಸಲ ಇಡೀ ಸಂಸಾರವೇ ಬಂತು. ಸೈಬೀರಿಯಾ ದಾಟಿ ವ್ಲಾಡಿವೊಸ್ಟಾಕ್ ತನಕ ರೈಲು, ಅಲ್ಲಿಂದ ತ್ಸುರುಗಾಕ್ಕೆ ಹಡಗು.

ಸುಗಿಹಾರಾ ದೊಡ್ಡ ಮನುಷ್ಯ, ಅದು ನಿಜ. ಆದರೆ ನಾನು ನಿಂತು ನಿಂತು ಓದಿದ್ದು ಊರಿನ ಜನರ ಮಾತು. ಒಬ್ಬ ಹುಡುಗ ಬುಟ್ಟಿ ತುಂಬ ಸೇಬು ತಂದು ಹಂಚಿದನಂತೆ. ದುಡ್ಡು ಕೊಟ್ಟು ಸ್ನಾನ ಮಾಡುವ ಮನೆಯೊಂದನ್ನು ಒಂದು ದಿನ ಪೂರ್ತಿ ಇವರಿಗೇ ಬಿಟ್ಟುಕೊಟ್ಟರಂತೆ, ಪುಕ್ಕಟೆ. ಎಷ್ಟು ದಿನದ ಕೊಳೆ ಇತ್ತೋ ಮೈಮೇಲೆ! ಹಳಬರನ್ನು ಕೇಳಿ ಕೇಳಿ ಇದನ್ನೆಲ್ಲ ಬರೆದಿಟ್ಟಿದ್ದಾರೆ ನೋಡು.

ಅಲ್ಲೇ ನನಗೆ ಆಯಿ ನೆನಪಾದಳು. 1948ರಲ್ಲಿ ನಿಜಾಮನ ಕಡೆಯ ರಜಾಕಾರರ ಹಾವಳಿ ಜೋರಾದಾಗ ಆಳಂದದ ಕಡೆಯ ಊರು ಬಿಟ್ಟು ರಾತ್ರೋರಾತ್ರಿ ಬಂಡಿಯಲ್ಲಿ ಹೈದರಾಬಾದ್ ಸಂಸ್ಥಾನದ ಗಡಿ ದಾಟಿದ್ದರು, ಅವಳಿಗೆ ಆಗ ಎಂಟು ವರ್ಷ. ದುಧನಿಯ ಹತ್ತಿರ ಯಾರೋ ಗುರುತಿಲ್ಲದವರು ಮನೆಯೊಳಗೆ ಕರೆದು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು, ಹದಿನೈದು ದಿನ ಇಟ್ಟುಕೊಂಡರು. ಎಷ್ಟು ಸಲ ಹೇಳಿದ್ದಾಳೋ. ನಾನು ಸುಮ್ನೆ ಹೂಂ ಅಂದಿದ್ದೇನೆ, ಒಂದು ಸಾಲೂ ಬರೆದಿಟ್ಟಿಲ್ಲ. ನಿನ್ನೆ ಆ ಮನೆಯವರ ಹೆಸರು ಕೇಳಿದೆ. ಬಹಳ ಹೊತ್ತು ಯೋಚಿಸಿದಳು, ಬರಲಿಲ್ಲ. ಬಾಗಿಲ ಮುಂದೆ ದೊಡ್ಡ ಬೇವಿನ ಗಿಡ ಇತ್ತು ಅಂದಳು, ಅಷ್ಟೇ.

ನಿಮ್ಮ ಮುತ್ಯಾನೂ ಆಗಲೇ ಬೀದರ್ ಬಿಟ್ಟು ಹೋಗಿದ್ದರಂತೆ ಅಲ್ವಾ? ಅವರು ಎಲ್ಲಿ ಉಳಿದಿದ್ದರು, ಯಾರು ಉಣ್ಣಲು ಕೊಟ್ಟರು, ಇವತ್ತೇ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೋ. ಭಾನುವಾರ ಬೆಳಗಿನ ಬಸ್ಸಿಗೆ ಇಲ್ಲಿಗೆ ಬಾ. ಆಯಿಯನ್ನು ಕರೆದುಕೊಂಡು ದುಧನಿಗೆ ಹೋಗೋಣ. ಗಿಡ ಇರಲಿಕ್ಕಿಲ್ಲ, ಆದರೂ ಓಣಿ ನೋಡಿದರೆ ಗುರುತು ಹಿಡಿಯುತ್ತೇನೆ ಅನ್ನುತ್ತಿದ್ದಾಳೆ.

ನಿನ್ನ,
ಮಲ್ಲು